ಮಗನ ಹಠ, ಮಗಳ ಮೌನ

ಚಿಕ್ಕಮಗಳೂರು
ಕಾರ್ತಿಕ ಮಾಸ



ಸಂಸೆಯಿಂದ ನೀನು ಬರೆದ ಕಾಗದ ಕೈಸೇರಿತು. ನಿನ್ನ ಮಗ ಪುಟ್ಟ ಅಂಗನವಾಡಿಯಲ್ಲಿ ಪಕ್ಕದ ಮಗುವಿನ ಕೈ ಕಚ್ಚಿದ್ದು, ಆಟದ ಸಾಮಾನು ಎಸೆದದ್ದು, ಮನೆಯಲ್ಲಿ ತಟ್ಟೆ ತಳ್ಳಿ ನೆಲಕ್ಕೆ ಬಿದ್ದು ರಚ್ಚೆ ಹಿಡಿಯುವುದು, ನೀನು ಕೋಲು ತೋರಿಸಿದರೆ ಇನ್ನಷ್ಟು ಕೆರಳುವುದು, ಎಲ್ಲವನ್ನೂ ಬಿಡಿಸಿ ಬರೆದಿದ್ದೀಯ. 'ನಾಲ್ಕು ವರ್ಷದವನನ್ನು ಹಿಡಿಯೋಕೆ ಆಗ್ತಿಲ್ಲ ದೊಡ್ಡಮ್ಮ, ಇನ್ನು ಕುಯ್ಲು ಶುರುವಾದರೆ ಏನು ಗತಿ' ಎಂದು ಕೇಳಿದ್ದೀಯ. ಐದೂವರೆ ವರ್ಷದ ಮಗಳು ಪುಟ್ಟಿಯ ವಿಚಾರಕ್ಕೆ ಒಂದೇ ಸಾಲು: 'ಅವಳದ್ದೇನೂ ತೊಂದರೆ ಇಲ್ಲ, ಮನೆಯಲ್ಲಿ ಇದ್ದಾಳೋ ಇಲ್ಲವೋ ಗೊತ್ತೇ ಆಗಲ್ಲ.'

ಪುಟ್ಟನ ಗಲಾಟೆಯಷ್ಟೇ ಈ ಸಾಲೂ ನನ್ನನ್ನು ಚಿಂತೆಗೆ ಹಚ್ಚಿತು. ಮಕ್ಕಳ ಬೆಳವಣಿಗೆಯನ್ನೇ ಓದಿ, ಇಲಾಖೆಯಲ್ಲಿ ಮೇಲ್ವಿಚಾರಕಿಯಾಗಿ ಮೂಡಿಗೆರೆ, ಕಳಸದ ಕಡೆಯ ಅಂಗನವಾಡಿಗಳನ್ನು ಸುತ್ತಿದವಳು ನಾನು. ಕಚ್ಚುವ, ಹೊಡೆಯುವ ಹುಡುಗರ ಬಗ್ಗೆ ದೂರು ತಂದ ಅಪ್ಪ ಅಮ್ಮಂದಿರಿಗೆ ಲೆಕ್ಕವಿಲ್ಲ. ಸದ್ದಿಲ್ಲದೆ ಮೂಲೆ ಹಿಡಿದ ಹುಡುಗಿಯ ಬಗ್ಗೆ ಕೇಳಲು ಬಂದವರು ಇಲ್ಲವೆನ್ನುವಷ್ಟು ಕಡಿಮೆ. ನಿನ್ನ ಪ್ರಶ್ನೆ ನಮ್ಮ ಕಾಫಿ ಸೀಮೆಯ ನೂರಾರು ಮನೆಗಳ ಪ್ರಶ್ನೆ. ಅದಕ್ಕೇ ಹೆಸರುಗಳನ್ನು ಬಿಟ್ಟು, ಎಲ್ಲ ಎಳೆಯ ಅಪ್ಪ ಅಮ್ಮಂದಿರೂ ಓದಲಿ ಎಂದು ಉತ್ತರವನ್ನು ಪತ್ರಿಕೆಗೇ ಕೊಡುತ್ತಿದ್ದೇನೆ.

ನಾನು ಹೇಳಬೇಕಾದ್ದು ಇಷ್ಟು. ಪುಟ್ಟನ ಹಠವೂ ಪುಟ್ಟಿಯ ಮೌನವೂ ಒಂದೇ ಮಾತನ್ನು ಕೇಳುತ್ತಿರಬಹುದು: 'ನನಗೆ ಬೇಕಾದಾಗ ನೀವು ಇರ್ತೀರಾ?' ಹುಡುಗ ಕೂಗಿ ಕೇಳುತ್ತಾನೆ, ಹುಡುಗಿ ಬಾಯಿ ಮುಚ್ಚಿಕೊಂಡು ಕೇಳುತ್ತಾಳೆ. ನಾವು ಅವನಿಗೆ ಏಟು ಕೊಡುತ್ತೇವೆ, ಅವಳಿಗೆ ಶಹಬ್ಬಾಸ್ ಕೊಡುತ್ತೇವೆ. ಇಬ್ಬರಿಗೂ ಉತ್ತರ ಮಾತ್ರ ಸಿಗುವುದಿಲ್ಲ.

ಮೊದಲು, ಮಗುವಿಗೂ ಅದನ್ನು ನೋಡಿಕೊಳ್ಳುವವರಿಗೂ ಇರುವ ನಂಟಿನ ವಿಚಾರ ತಿಳಿದುಕೊ. ಮಗು ಯಾರನ್ನು ನೆಚ್ಚುತ್ತದೆ, ಯಾಕೆ ನೆಚ್ಚುತ್ತದೆ ಎನ್ನುವುದನ್ನು ಒಂದು ಶಾಸ್ತ್ರವಾಗಿ ಕಟ್ಟಿದವರು ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ. ಎರಡನೇ ಮಹಾಯುದ್ಧದ ನಂತರ ಮನೆಮಠವಿಲ್ಲದ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಅವರಿಂದ ವರದಿ ಬರೆಸಿ 1951ರಲ್ಲಿ ಪ್ರಕಟಿಸಿತು. ಹೊಟ್ಟೆಗೆ ಅನ್ನ, ಮೈಗೆ ಬಟ್ಟೆ ಎಷ್ಟು ಬೇಕೋ ತನ್ನವರೆನ್ನುವವರ ಬೆಚ್ಚನೆಯ ಆಸರೆಯೂ ಮಗುವಿಗೆ ಅಷ್ಟೇ ಬೇಕು ಎಂದು ಅವರು ಹೇಳಿದರು. ಅವರೊಡನೆ ಕೆಲಸ ಮಾಡಿದ್ದ ಮೇರಿ ಐನ್ಸ್‌ವರ್ತ್ 1954ರಲ್ಲಿ ಆಫ್ರಿಕಾದ ಉಗಾಂಡಾಕ್ಕೆ ಹೋದರು. ಕಂಪಾಲಾ ಊರಿನ ಸುತ್ತಮುತ್ತ, ಬಾಳೆಯೂ ರೊಬಸ್ಟಾ ಕಾಫಿಯೂ ಬೆಳೆಯುವ ಸೀಮೆಯಲ್ಲಿ 26 ಮನೆಗಳ ತಾಯಂದಿರನ್ನೂ ಕೂಸುಗಳನ್ನೂ ತಿಂಗಳುಗಟ್ಟಲೆ ಕೂತು ನೋಡಿದರು. ತನ್ನ ಮಗು ಯಾವಾಗ ಅಳುತ್ತದೆ, ಯಾವುದಕ್ಕೆ ನಗುತ್ತದೆ, ಯಾರನ್ನು ಕಂಡರೆ ಹಿಂಜರಿಯುತ್ತದೆ ಎಂದು ಎಳೆಎಳೆಯಾಗಿ ಹೇಳಬಲ್ಲ ತಾಯಂದಿರ ಕೂಸುಗಳೇ ಹೆಚ್ಚು ನೆಮ್ಮದಿಯಾಗಿ ಇದ್ದದ್ದು ಅವರ ಕಣ್ಣಿಗೆ ಬಿತ್ತು. ಮಗುವನ್ನು ಗಮನಿಸುವವರು ಮಾತ್ರ ಹಾಗೆ ಹೇಳಬಲ್ಲರು. ನೀನು ಪುಟ್ಟನ ಬಗ್ಗೆ ಅಷ್ಟು ಬರೆದೆ. ಸಿಟ್ಟಿನಿಂದಲೇ ಆಗಲಿ, ಅವನನ್ನು ಗಮನಿಸಿದ್ದೀಯ.

ಮುಂದೆ ಅಮೆರಿಕದ ಬಾಲ್ಟಿಮೋರಿನಲ್ಲಿ ಐನ್ಸ್‌ವರ್ತ್ ಒಂದು ಪರೀಕ್ಷೆ ಮಾಡಿದರು. ವರ್ಷ ತುಂಬಿದ ಮಗುವನ್ನೂ ತಾಯಿಯನ್ನೂ ಗುರುತಿಲ್ಲದ ಕೋಣೆಯಲ್ಲಿ ಕೂರಿಸಿ, ತಾಯಿ ಕೆಲವು ನಿಮಿಷ ಹೊರಗೆ ಹೋಗಿ ಬರುವ ಹಾಗೆ ಮಾಡಿದರು. ತಾಯಿ ಹೋದಾಗ ಅತ್ತದ್ದಕ್ಕಿಂತ, ತಾಯಿ ಮರಳಿ ಬಂದಾಗ ಮಗು ಏನು ಮಾಡಿತು ಎನ್ನುವುದು ಮುಖ್ಯವಾಯಿತು. ಹೆಚ್ಚಿನ ಮಕ್ಕಳು ತಾಯಿಯ ಹತ್ತಿರ ಓಡಿ ಬಂದು, ಸಮಾಧಾನವಾದ ಮೇಲೆ ಮತ್ತೆ ಆಟಕ್ಕೆ ಇಳಿದವು. ಮಳೆಗಾಲದಲ್ಲಿ ನಮ್ಮ ಮಕ್ಕಳು ಬಚ್ಚಲ ಒಲೆಯ ಮುಂದೆ ಕೂತು ಮೈ ಬೆಚ್ಚಗಾದದ್ದೇ ಮತ್ತೆ ಅಂಗಳಕ್ಕೆ ಓಡುವುದಿಲ್ಲವೇ, ಹಾಗೆ. ಕೆಲವು ತಾಯಿಗೆ ಅಂಟಿಕೊಂಡೂ ಅವಳನ್ನೇ ಗುದ್ದಿದವು, ಏನು ಮಾಡಿದರೂ ಸಮಾಧಾನವಾಗಲಿಲ್ಲ. ಇನ್ನು ಕೆಲವು ತಾಯಿ ಬಂದದ್ದನ್ನು ಕಂಡೂ ಕಾಣದ ಹಾಗೆ ಮುಖ ತಿರುಗಿಸಿ ಆಡುತ್ತ ಕೂತವು. ಬೇರೆ ಸಂಶೋಧಕರು ಮುಂದೆ ಅಳೆದು ನೋಡಿದಾಗ, ಹೀಗೆ ತಣ್ಣಗೆ ಕೂತ ಮಕ್ಕಳ ಎದೆಬಡಿತವೂ ಅಳುವ ಮಕ್ಕಳಂತೆಯೇ ಏರಿತ್ತು. ಒಳಗೆ ಸಂಕಟ ಇತ್ತು, ಹೊರಗೆ ತೋರಿಸಿ ಉಪಯೋಗವಿಲ್ಲ ಎಂದು ಆ ಮಕ್ಕಳು ಅಷ್ಟರೊಳಗೆ ಕಲಿತುಬಿಟ್ಟಿದ್ದವು.

ಇದನ್ನು ಓದುವಾಗ ಪುಟ್ಟಿ ನೆನಪಾಗಲಿ. ಪುಟ್ಟ ಹುಟ್ಟುವಾಗ ಅವಳಿಗೆ ಒಂದೂವರೆ ವರ್ಷ. ನಮ್ಮ ಸೊಸೆ ಬಾಣಂತನಕ್ಕೆ ತವರಿಗೆ ಹೋದಳು, ಪುಟ್ಟಿಯನ್ನು ಅಜ್ಜಿಯ ಜೊತೆ ಮನೆಯಲ್ಲೇ ಉಳಿಸಿಕೊಂಡಿರಿ. ಮೊದಮೊದಲು ಬಾಗಿಲ ಕಡೆ ನೋಡಿ ಅತ್ತಳು, ಆಮೇಲೆ ಕೇಳುವುದನ್ನೇ ಬಿಟ್ಟಳು. 'ಎಷ್ಟು ಜಾಣೆ, ಒಂದು ದಿನವೂ ಅಮ್ಮ ಎಂದು ರಗಳೆ ಮಾಡಲಿಲ್ಲ' ಎಂದು ಎಲ್ಲರೂ ಮೆಚ್ಚಿಕೊಂಡರು. ಯಾರೂ ಕೆಟ್ಟದ್ದು ಬಯಸಲಿಲ್ಲ. ಅದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆದರೆ 1952ರಲ್ಲಿ ಲಂಡನ್ನಿನ ಜೇಮ್ಸ್ ರಾಬರ್ಟ್‌ಸನ್ ಒಂದು ಸಿನಿಮಾ ತೆಗೆದರು. ಎರಡು ವರ್ಷದ ಹುಡುಗಿಯೊಬ್ಬಳು ಎಂಟು ದಿನ ಒಬ್ಬಳೇ ಆಸ್ಪತ್ರೆಯಲ್ಲಿ ಇದ್ದ ಚಿತ್ರ ಅದು. ಅವಳು ಹೆಚ್ಚು ಅಳುವುದೇ ಇಲ್ಲ. ಆಗಿನ ಕಾಲದ ಡಾಕ್ಟರು, ನರ್ಸುಗಳು ಇಂಥ ಮಕ್ಕಳನ್ನು 'ಹೊಂದಿಕೊಂಡಿದೆ' ಎಂದು ಬರೆದುಕೊಳ್ಳುತ್ತಿದ್ದರು. ಅವಳ ಮುಖವನ್ನೇ ನೋಡುತ್ತ ಕೂತವರಿಗೆ ಆ ಸಮಾಧಾನದ ಹಿಂದಿನ ದುಃಖ ಕಂಡಿತು. ಮೊದಲು ಪ್ರತಿಭಟನೆ, ಆಮೇಲೆ ಹತಾಶೆ, ಕೊನೆಗೆ ನಂಟನ್ನೇ ದೂರ ಇಡುವುದು ಎಂದು ಬೌಲ್ಬಿ, ರಾಬರ್ಟ್‌ಸನ್ ಇಬ್ಬರೂ ಮೂರು ಹಂತ ಗುರುತಿಸಿದರು. 1959ರಲ್ಲಿ ಬ್ರಿಟನ್ ಸರ್ಕಾರದ ಸಮಿತಿಯೊಂದು, ಆಸ್ಪತ್ರೆಗೆ ಸೇರಿದ ಮಕ್ಕಳನ್ನು ನೋಡಲು ತಂದೆತಾಯಿಗೆ ಯಾವ ಹೊತ್ತಿನಲ್ಲೂ ಬಿಡಬೇಕು ಎಂದು ಶಿಫಾರಸು ಮಾಡಿತು. ಸದ್ದಿಲ್ಲದ ಹುಡುಗಿಯ ಮುಖ ನೋಡಲು ಕಲಿತದ್ದಕ್ಕೆ ಸಿಕ್ಕ ಫಲ ಅದು.

ಈಗ ಗಂಡು ಹೆಣ್ಣಿನ ವಿಚಾರಕ್ಕೆ ಬರುತ್ತೇನೆ. 1991ರಲ್ಲಿ ಪ್ಯಾಟ್ರಿಶಿಯಾ ಟರ್ನರ್ ಎಂಬ ಸಂಶೋಧಕಿ ನಾಲ್ಕು ವರ್ಷದ ಮಕ್ಕಳು ಶಿಶುವಿಹಾರದಲ್ಲಿ ತಮ್ಮ ಪಾಡಿಗೆ ಆಡುವುದನ್ನು ಗಮನಿಸಿ ಬರೆದರು. ತಾಯಿಯೊಡನೆ ನಂಟು ಭದ್ರವಾಗಿಲ್ಲದ ಹುಡುಗರು ಹೊಡೆಯುವುದು, ಆಟ ಕೆಡಿಸುವುದು, ದೊಡ್ಡವರ ಗಮನ ಸೆಳೆಯಲು ಏನಾದರೂ ಮಾಡುವುದು ಹೆಚ್ಚಾಗಿ ಕಂಡಿತು. ನಂಟು ಭದ್ರವಾಗಿಲ್ಲದ ಹುಡುಗಿಯರು ಅದರ ತದ್ವಿರುದ್ಧ: ದೊಡ್ಡವರಿಗೆ ಜೋತುಬೀಳುವುದು, ಹೇಳಿದ್ದಕ್ಕೆಲ್ಲ ಹೂಂ ಎನ್ನುವುದು, ನಗುನಗುತ್ತ ಎಲ್ಲರನ್ನೂ ಮೆಚ್ಚಿಸುವುದು, ತನಗೆ ಬೇಕಾದ್ದನ್ನು ಕೇಳದೆ ಇರುವುದು. ನಂಟು ಭದ್ರವಾಗಿದ್ದ ಹುಡುಗ ಹುಡುಗಿಯರ ನಡುವೆ ಇಂಥ ಅಂತರ ಕಾಣಲಿಲ್ಲ. 2010ರಲ್ಲಿ ಪಾಸ್ಕೋ ಫಿಯರನ್ ಮತ್ತು ಸಂಗಡಿಗರು 69 ಅಧ್ಯಯನಗಳನ್ನು, ಸುಮಾರು ಆರು ಸಾವಿರ ಮಕ್ಕಳ ವಿವರವನ್ನು ಒಟ್ಟಿಗೆ ಹಾಕಿ ನೋಡಿದರು. ನಂಟಿನ ಅಭದ್ರತೆಗೂ ಹೊಡೆದಾಟ, ಹಠಮಾರಿತನಕ್ಕೂ ಸಂಬಂಧ ಇರುವುದು ನಿಜ, ಅದು ಹುಡುಗರಲ್ಲಿ ಹೆಚ್ಚು ಎಂದು ಅವರಿಗೂ ಕಂಡಿತು. ತನ್ನನ್ನು ಸಂತೈಸಬೇಕಾದವರನ್ನೇ ಕಂಡು ಹೆದರುವ ಮಕ್ಕಳಿಗೆ ಅಪಾಯ ಇನ್ನೂ ಜಾಸ್ತಿ. ಕೋಲು ಹಿಡಿದ ಅಪ್ಪ ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಅದೇ ಉಸಿರಿನಲ್ಲಿ ಇನ್ನೊಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಈ ಸಂಬಂಧ ಸಾಧಾರಣ ಪ್ರಮಾಣದ್ದು. ಹಠ ಮಾಡುವ ಮಗುವಿಗೆಲ್ಲ ನಂಟಿನ ಕೊರತೆ ಇದೆ ಎಂದು ತೀರ್ಮಾನಿಸಬಾರದು. ಹುಟ್ಟಿನಿಂದಲೇ ಬಿರುಸಾದ ಮಕ್ಕಳಿರುತ್ತಾರೆ, ಹುಟ್ಟಿನಿಂದಲೇ ನಾಚುವ ಮಕ್ಕಳೂ ಇರುತ್ತಾರೆ. ಹೊಡೆಯುವುದು, ಕಚ್ಚುವುದು ಎರಡು ಮೂರು ವರ್ಷದ ಹೊತ್ತಿಗೆ ಏರಿ, ಆಮೇಲೆ ಇಳಿಯುವುದೇ ವಾಡಿಕೆ ಎಂದು ಕೆನಡಾದ ರಿಚರ್ಡ್ ಟ್ರೆಂಬ್ಲೆ ವರ್ಷಗಟ್ಟಲೆ ಮಕ್ಕಳನ್ನು ಹಿಂಬಾಲಿಸಿ ತೋರಿಸಿದ್ದಾರೆ. ಮಕ್ಕಳಿಗೆ ಹೊಡೆಯುವುದನ್ನು ಯಾರೂ ಕಲಿಸಬೇಕಾಗಿಲ್ಲ, ಹೊಡೆಯದೆ ಇರುವುದನ್ನು ನಾವು ಕಲಿಸಬೇಕು.

ಇನ್ನು, ಈ ವಿದ್ಯೆಯ ಹೆಸರಿನಲ್ಲಿ ತಾಯಂದಿರನ್ನು ಕಟಕಟೆಗೆ ನಿಲ್ಲಿಸಿದ ಕಾಲವೂ ಒಂದಿತ್ತು. ಅದನ್ನು ತಿದ್ದಿದವರಲ್ಲಿ ಮೈಕೆಲ್ ರಟರ್ ಪ್ರಮುಖರು. 1972ರಲ್ಲಿ ಅವರು ಬರೆದ ಪುಸ್ತಕ ತಾಯಿಯೊಬ್ಬಳೇ ಎಲ್ಲದಕ್ಕೂ ಕಾರಣ ಎನ್ನುವ ವಾದವನ್ನು ಬುಡದಿಂದ ಪರೀಕ್ಷಿಸಿತು. ಅದಕ್ಕೂ ಮೊದಲು, 1964ರಲ್ಲಿ, ಗ್ಲಾಸ್ಗೋ ನಗರದ 60 ಕೂಸುಗಳನ್ನು ನೋಡಿದ ಶಾಫರ್ ಮತ್ತು ಎಮರ್ಸನ್, 18 ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳು ಒಬ್ಬರಿಗಿಂತ ಹೆಚ್ಚು ಜನರನ್ನು ನೆಚ್ಚಿಕೊಂಡಿದ್ದನ್ನು ಕಂಡಿದ್ದರು. ಅಪ್ಪ, ಅಜ್ಜಿ, ಅಜ್ಜ, ಅಕ್ಕ, ಪಕ್ಕದ ಮನೆಯವರು, ಯಾರು ಕರೆದಾಗ ಓಗೊಡುತ್ತಾರೋ ಅವರೆಲ್ಲ ಮಗುವಿನವರು. ನಮ್ಮ ಕೂಡುಮನೆಗಳಿಗೆ ಇದು ಹೊಸ ಸುದ್ದಿಯೇನಲ್ಲ. ಆದ್ದರಿಂದ 'ತಾಯಿ ಸರಿಯಾಗಿ ನೋಡಿಕೊಂಡಿದ್ದರೆ ಹೀಗಾಗ್ತಿತ್ತಾ' ಎಂಬ ಮಾತು ನಿಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು. ನಮ್ಮ ಸೊಸೆ ಕೊಟ್ಟಿಗೆ, ಅಡುಗೆ, ಕಣ ಎಲ್ಲವನ್ನೂ ಒಂದೇ ಮೈಯಲ್ಲಿ ಹೊತ್ತಿದ್ದಾಳೆ. ಅವಳಿಗೆ ನಿದ್ದೆ ಸಿಗುವಂತೆ ನೋಡಿಕೊಳ್ಳುವುದೂ ಮಕ್ಕಳ ಆರೈಕೆಯೇ.

ನೀನು ಒಳ್ಳೆಯ ಅಪ್ಪನಾಗಬೇಕೆಂದು ಆಸೆಪಡುತ್ತಿದ್ದೀಯ. ನಿನ್ನ ಹಿನ್ನೆಲೆಯನ್ನೂ ನೀನು ಒಮ್ಮೆ ತಿರುಗಿ ನೋಡಬೇಕು. ಸುಪ್ರೀಂ ಕೋರ್ಟಿನ ತೀರ್ಪಿನಂತೆ ಕುದುರೆಮುಖದ ಅದಿರು ಗಣಿಗಾರಿಕೆ 2005ರ ಡಿಸೆಂಬರ್ 31ಕ್ಕೆ ನಿಂತಿತು. ಕಾಡಿಗೂ ಭದ್ರಾ ನದಿಗೂ ಅದರಿಂದ ಒಳಿತಾಯಿತು. ಗಣಿಯ ಟೌನ್‌ಶಿಪ್ ಮಾತ್ರ ಖಾಲಿಯಾಗುತ್ತ ಬಂತು. ಗಣಿಯ ಕೆಲಸದಲ್ಲಿದ್ದ ನಿನ್ನ ಅಪ್ಪ ಮಂಗಳೂರಿನ ಕಾರ್ಖಾನೆಗೆ ಹೋದರು, ನೀನು ಅಮ್ಮನ ಜೊತೆ ಸಂಸೆಯಲ್ಲಿ ಉಳಿದೆ. ಅವರು ರಜೆಗೆ ಬಂದಾಗ ನೀನು ಸೌದೆ ಕೊಟ್ಟಿಗೆಯಿಂದ ಈಚೆ ಬರುತ್ತಿರಲಿಲ್ಲ. 'ಹುಡುಗ ಗಟ್ಟಿ, ಅಪ್ಪ ಬಂದರೂ ಹೋದರೂ ಒಂದೇ' ಎಂದು ನಂಟರು ಹೆಮ್ಮೆಪಟ್ಟರು. ಅದು ಗಟ್ಟಿತನವಾಗಿರಲಿಲ್ಲ ಎಂದು ನಿನಗೆ ಗೊತ್ತು, ನನಗೂ ಗೊತ್ತು. ನಿನ್ನ ಅಪ್ಪ ದುಡಿಮೆಗಾಗಿ ದೂರ ಇರಬೇಕಾಯಿತು. ನೀನು ಇರುವುದು ಮಕ್ಕಳ ಕಣ್ಣೆದುರಿನ ತೋಟದಲ್ಲೇ. ಈ ಭಾಗ್ಯವನ್ನು ಬಳಸಿಕೊ.

ನಮ್ಮ ಸೀಮೆಯಲ್ಲಿ ಗಂಡು ಮಗು ತೊಟ್ಟಿಲಲ್ಲಿ ಇರುವಾಗ ಎಲ್ಲರ ತೋಳಿನಲ್ಲೂ ಇರುತ್ತದೆ. ಮೂರು ತುಂಬಿದ ಮೇಲೆ ಇದ್ದಕ್ಕಿದ್ದಂತೆ 'ಗಂಡಸಾಗಿ ಅಳ್ತೀಯಾ, ಬಳೆ ತೊಡಿಸ್ಲಾ' ಎಂಬ ಮಾತು ಶುರುವಾಗುತ್ತದೆ. ಹೆದರಿಕೆ, ನೋವು, ಹೊಟ್ಟೆಕಿಚ್ಚು ಯಾವುದನ್ನು ತೋರಿಸಿದರೂ ಅವಮಾನ. ಸಿಟ್ಟು ಒಂದಕ್ಕೆ ಮಾತ್ರ ಗಂಡಸುತನದ ಮರ್ಯಾದೆ. ಹಾಗಾಗಿ ಅವನ ಅಳು, ಹೆದರಿಕೆ ಎಲ್ಲ ಸಿಟ್ಟಾಗಿಯೇ ಹೊರಗೆ ಬರುತ್ತದೆ. ಹೆಣ್ಣು ಮಗುವಿಗೆ ಅಳಲು ಅಡ್ಡಿಯಿಲ್ಲ, ಸಿಟ್ಟು ಮಾಡಿದರೆ ಮಾತ್ರ 'ಬಜಾರಿ' ಎನ್ನುತ್ತೇವೆ. ಐದು ತುಂಬುವುದರೊಳಗೆ ತಮ್ಮನನ್ನು ನೋಡಿಕೊಳ್ಳುವ ಕೆಲಸ ಅವಳ ಸೊಂಟಕ್ಕೆ ಏರುತ್ತದೆ. ಪುಟ್ಟ ಕಿತ್ತುಕೊಂಡ ಗೊಂಬೆಯನ್ನು ಪುಟ್ಟಿ ಬಿಟ್ಟುಕೊಟ್ಟಾಗ 'ದೊಡ್ಡ ಬುದ್ಧಿ' ಎಂದು ಹೊಗಳುತ್ತೀರಿ. ಕಿತ್ತುಕೊಂಡರೆ ಸಿಗುತ್ತದೆ ಎಂದು ಅವನೂ, ಬಿಟ್ಟುಕೊಟ್ಟರೆ ಪ್ರೀತಿ ಸಿಗುತ್ತದೆ ಎಂದು ಅವಳೂ ಅದೇ ಗಳಿಗೆಯಲ್ಲಿ ಕಲಿಯುತ್ತಾರೆ. ಈ ಎರಡು ಪಾಠವೂ ಮದುವೆಯಾಗಿ ಸಂಸಾರ ಹೂಡುವವರೆಗೂ ಜೊತೆಗೆ ಬರುತ್ತವೆ.

ಈಗ ಮಾಡಬೇಕಾದ್ದನ್ನು ಹೇಳುತ್ತೇನೆ. ಅರೇಬಿಕಾ ಹಣ್ಣಾಗುತ್ತಿದೆ; ಅದು ಮುಗಿಯುವುದರೊಳಗೆ ರೊಬಸ್ಟಾ, ಮೆಣಸು ಎಂದು ಮಾರ್ಚ್‌ವರೆಗೂ ನಿಮಗೆ ಬಿಡುವಿರುವುದಿಲ್ಲ. ಬಿಡುವು ಮಾಡಿಕೊಳ್ಳಲೇಬೇಕಾದ್ದು ಕೆಲವು ಇವೆ.

ಕಣ್ಣು ತಪ್ಪಿಸಿ ಹೋಗುವುದನ್ನು ಇವತ್ತೇ ನಿಲ್ಲಿಸಿ. ಮಗು ಅಳುತ್ತದೆ ಎಂದು ಹಿತ್ತಿಲ ಬಾಗಿಲಿಂದ ತೋಟಕ್ಕೆ ಜಾರಿಕೊಳ್ಳುವುದು ನಮ್ಮ ಎಲ್ಲ ಮನೆಗಳಲ್ಲೂ ಉಂಟು. ಅಪ್ಪ ಅಮ್ಮ ಯಾವ ಕ್ಷಣದಲ್ಲಿ ಬೇಕಾದರೂ ಮಾಯವಾಗಬಹುದು ಎಂದು ತಿಳಿದ ಮಗು ಆಟದ ಮೇಲೆ ಮನಸ್ಸಿಡುವುದಾದರೂ ಹೇಗೆ? ಹೇಳಿಯೇ ಹೊರಡಿ. 'ಮಧ್ಯಾಹ್ನ ಊಟಕ್ಕೆ ಬರ್ತೀನಿ', 'ಸಂಜೆ ಹಣ್ಣು ತೂಕ ಹಾಕಿದ ಮೇಲೆ ಬರ್ತೀನಿ' ಎಂದು ಮಗುವಿಗೆ ಗುರುತು ಸಿಗುವ ಹೊತ್ತನ್ನು ಹೇಳಿ. ಅಳುತ್ತಾನೆ, ಅಳಲಿ. ಹೇಳಿದ ಹೊತ್ತಿಗೆ ಬಂದರೆ ಆ ಅಳು ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ.

ಬಂದ ಮೇಲಿನ ಮೊದಲ ಹತ್ತು ನಿಮಿಷ ಮಕ್ಕಳದ್ದು. ಲೆಕ್ಕದ ಪುಸ್ತಕ, ಫೋನು, ತೋಟದ ರೈಟರ್, ಕೆಲಸದವರ ಬಟವಾಡೆ ಆಮೇಲೆ. ಪುಟ್ಟ ಓಡಿಬಂದರೆ ಎತ್ತಿಕೊ. ಪುಟ್ಟಿ ಓಡಿಬರದಿದ್ದರೆ ನೀನೇ ಅವಳಿರುವ ಕಡೆಗೆ ಹೋಗಿ ಪಕ್ಕದಲ್ಲಿ ಕೂರು. ಅವಳು ಮೊದಲ ದಿನ ಮುಖ ಎತ್ತದೆ ಇರಬಹುದು. ಬಿಡದೆ ದಿನವೂ ಹೋಗು.

ಸಂಜೆಯ ಸ್ನಾನವನ್ನು ನಿನ್ನ ಪಾಲಿಗೆ ತೆಗೆದುಕೊ. ಹಂಡೆಯ ಬಿಸಿನೀರು, ಮೈಕೈ ತಿಕ್ಕುವುದು, ತೋಟದಲ್ಲಿ ಕಂಡ ಹಕ್ಕಿಯ ಕಥೆ. ಇಬ್ಬರನ್ನೂ ಒಬ್ಬೊಬ್ಬರಾಗಿ ಮೀಯಿಸು, ಆಗ ಒಬ್ಬೊಬ್ಬರಿಗೂ ಅಪ್ಪ ಪೂರ್ತಿಯಾಗಿ ಸಿಗುತ್ತಾನೆ. ದಿನದಲ್ಲಿ ಒಂದಿಷ್ಟು ಹೊತ್ತು, ಅವರು ಹೇಳಿದ ಆಟವನ್ನು ಅವರು ಹೇಳಿದ ಹಾಗೆ ಆಡು. ಆಗ ಅಕ್ಷರ ಕೇಳಬೇಡ, ಎಣಿಸಲು ಹೇಳಬೇಡ, ತಿದ್ದಬೇಡ.

ಪುಟ್ಟ ಹೊಡೆದಾಗ ಅಥವಾ ಕಚ್ಚಿದಾಗ ಮೊದಲು ಅವನ ಕೈ ಹಿಡಿದು ನಿಲ್ಲಿಸು. ಅವನ ಕಣ್ಣಿನ ಮಟ್ಟಕ್ಕೆ ಕೂತು, ಕಡಿಮೆ ಮಾತಿನಲ್ಲಿ ಹೇಳು: 'ಕಚ್ಚಬಾರದು. ನಿಂಗೆ ಸಿಟ್ಟು ಬಂದಿದೆ, ಗೊತ್ತಾಯ್ತು. ಬಾ ಇಲ್ಲಿ.' ಪೆಟ್ಟು ತಿಂದ ಮಗುವನ್ನು ಸಮಾಧಾನ ಮಾಡುವುದನ್ನು ಅವನೂ ನೋಡಲಿ. ಶಾಂತವಾದ ಮೇಲೆ ಏನು ಮಾಡಬಹುದಿತ್ತು ಎಂದು ಕೇಳು. ಕಚ್ಚಿದವನನ್ನು ತಿರುಗಿ ಕಚ್ಚಿ ತೋರಿಸುವವರಿದ್ದಾರೆ. ದೊಡ್ಡವರೂ ಕಚ್ಚಬಹುದು ಎನ್ನುವುದಷ್ಟೇ ಅದರಿಂದ ಮಗು ಕಲಿಯುತ್ತದೆ. ಕೋಲನ್ನು ಒಲೆಗೆ ಹಾಕು. ಗುಮ್ಮ, ಪೊಲೀಸ್, ಸೂಜಿ, 'ಕಾಡಿಗೆ ಬಿಟ್ಟು ಬರ್ತೀನಿ' ಇವು ಯಾವುವೂ ಬೇಡ. ಬಿಟ್ಟುಹೋಗುವ ಬೆದರಿಕೆ ಮಗುವಿಗೆ ಏಟಿಗಿಂತ ಆಳಕ್ಕೆ ಇಳಿಯುತ್ತದೆ. ಹಾಗೆಂದು ಹಠಕ್ಕೆಲ್ಲ ಮಣಿಯಬೇಕಾಗಿಲ್ಲ. ಇಲ್ಲ ಎಂದದ್ದು ಇಲ್ಲವೇ ಆಗಿರಲಿ. ಅದನ್ನು ಮಗುವಿನ ಪಕ್ಕ ಕೂತು ಹೇಳು. ಮಳೆಗಾಲದಲ್ಲಿ ಕರೆಂಟಿಲ್ಲದ ದಿನಗಳಲ್ಲಿ ಅಭ್ಯಾಸವಾದ ಮೊಬೈಲನ್ನು ಹಠ ನಿಲ್ಲಿಸುವ ಔಷಧಿಯಾಗಿ ಕೊಡಬೇಡ. ಹೊತ್ತಿಗೆ ಸರಿಯಾಗಿ ನಿದ್ದೆ, ಹೊತ್ತಿಗೆ ಸರಿಯಾಗಿ ಊಟ ಸಿಕ್ಕರೇ ಎಷ್ಟೋ ಹಠ ತಾನಾಗಿ ಕರಗುತ್ತದೆ.

ಪುಟ್ಟಿಯದು ಇನ್ನೂ ಸೂಕ್ಷ್ಮವಾದ ಕೆಲಸ. ತಮ್ಮನನ್ನು ನೋಡಿಕೊಳ್ಳುವ ಹೊಣೆಯನ್ನು ಅವಳಿಂದ ಇಳಿಸು. ಗೊಂಬೆ ಅವಳದ್ದಾದರೆ ಪುಟ್ಟನ ಕೈಯಿಂದ ನೀನೇ ವಾಪಸ್ ಕೊಡಿಸು. ದೋಸೆಗೆ ಚಟ್ನಿಯೋ ಬೆಲ್ಲವೋ, ಕೆಂಪು ಲಂಗವೋ ಹಸಿರು ಲಂಗವೋ ಎಂದು ಕೇಳಿ, ಉತ್ತರಕ್ಕೆ ಕಾಯಿ. 'ನಿಮಗೆ ಇಷ್ಟವಾದ್ದು' ಎಂದರೆ 'ನಿನಗೆ ಯಾವುದು ಇಷ್ಟ ಅಂತ ತಿಳ್ಕೋಬೇಕು ನಂಗೆ' ಎನ್ನು. ಒಂದು ದಿನ ಅವಳು ಒಲ್ಲೆ ಎನ್ನುತ್ತಾಳೆ, ಬಾಗಿಲು ದಬ್ಬುತ್ತಾಳೆ, ತಮ್ಮನಿಗೆ ಒಂದು ಕೊಡುತ್ತಾಳೆ. ಹುಡುಗಿ ಕೆಟ್ಟಳು ಎಂದು ಗಾಬರಿಯಾಗಬೇಡ. ನಿಮ್ಮ ಪ್ರೀತಿಯ ಮೇಲೆ ಧೈರ್ಯ ಬಂದ ಮೇಲೇ ಮಗು ಸಿಟ್ಟು ತೋರಿಸುವುದು. ಅವಳ ಸಿಟ್ಟಿಗೂ ಪುಟ್ಟನಿಗೆ ಮಾಡಿದ್ದನ್ನೇ ಮಾಡು: ತಡೆ, ಹೆಸರಿಡು, ಹತ್ತಿರ ಕರೆ.

ಇಷ್ಟೆಲ್ಲ ಮಾಡಿದರೂ ನೀನು ಒಂದೊಂದು ದಿನ ಕೂಗಾಡುತ್ತೀಯ. ದಣಿದ ಮೈಗೆ ಅದು ಸಹಜ. ಎಳೆಯ ಕೂಸು ಮತ್ತು ತಾಯಿಯ ನಡುವೆಯೂ ತಾಳ ತಪ್ಪುತ್ತಲೇ ಇರುತ್ತದೆ, ಮತ್ತೆ ಕೂಡಿಸಿಕೊಳ್ಳುವುದರಲ್ಲೇ ನಂಟು ಗಟ್ಟಿಯಾಗುತ್ತದೆ ಎಂದು ಅಮೆರಿಕದ ಎಡ್ವರ್ಡ್ ಟ್ರಾನಿಕ್ 1970ರ ದಶಕದಿಂದ ಮಾಡಿಕೊಂಡು ಬಂದ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಕೂಗಾಡಿದ ಮೇಲೆ ಹೋಗಿ 'ಅಪ್ಪ ಜೋರು ಮಾಡಿದೆ, ತಪ್ಪಾಯ್ತು ಪುಟ್ಟ' ಎಂದು ಬಾಯಿಬಿಟ್ಟು ಹೇಳು. ನಾಲ್ಕು ವರ್ಷದವನ ಮುಂದೆ ಅಪ್ಪ ಸೋತ ಹಾಗೆ ಆಗುವುದಿಲ್ಲ; ಗಂಡಸೂ ತಪ್ಪೊಪ್ಪಿಕೊಳ್ಳಬಹುದು ಎಂದು ಅವನು ಕಲಿಯುತ್ತಾನೆ.

ಮನೆಯ ಪ್ರಯತ್ನ ಸಾಲದ ಸಂದರ್ಭಗಳೂ ಇವೆ. ಪುಟ್ಟನ ಕಿವಿ ಒಮ್ಮೆ ಪರೀಕ್ಷೆ ಮಾಡಿಸು. ಕೇಳಿಸದ ಮಗು, ಮಾತು ಸರಿಯಾಗಿ ಬಾರದ ಮಗು ಕೈಯಿಂದಲೇ ಮಾತಾಡುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ, ಆ ದಿನ ಮಗುವನ್ನು ತಪ್ಪಿಸಬೇಡ. ಅಂಗನವಾಡಿ ಟೀಚರ್ ಜೊತೆ ಜಗಳವಾಡದೆ ಕೂತು ಮಾತಾಡು. ಮನೆಯಲ್ಲೂ ಅಲ್ಲಿಯೂ ಒಂದೇ ಕ್ರಮ ನಡೆಯಲಿ. ತಿಂಗಳುಗಟ್ಟಲೆ ಕಡಿಮೆಯಾಗದ ಹೊಡೆತ, ತನ್ನನ್ನೇ ನೋಯಿಸಿಕೊಳ್ಳುವುದು, ಕಣ್ಣಿಟ್ಟು ನೋಡದೆ ಇರುವುದು, ಬಂದ ಮಾತು ನಿಂತುಹೋಗುವುದು, ಯಾರೊಡನೆಯೂ ಆಡದೆ ಇರುವುದು ಕಂಡರೆ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ಮನೋವೈದ್ಯ ವಿಭಾಗ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಮನೆಯಿಂದಲೇ ಫೋನ್ ಮಾಡಿ ಕನ್ನಡದಲ್ಲಿ ಮಾತಾಡಬಹುದು. ಇದ್ದಕ್ಕಿದ್ದಂತೆ ಮಗುವಿನ ನಡತೆ ಬದಲಾಗಿ ಯಾರನ್ನೋ ಕಂಡು ಹೆದರತೊಡಗಿದರೆ, ಗಂಡಾಗಲಿ ಹೆಣ್ಣಾಗಲಿ, ಮಗುವಿನ ಮಾತನ್ನು ನಂಬು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡು.

ಕೊನೆಗೆ, ನಿನ್ನ ಮನೆಯಾಚೆಯ ಮಕ್ಕಳ ಬಗ್ಗೆ. ಕುಯ್ಲಿಗೆ ಬಯಲುಸೀಮೆಯಿಂದ, ಅಸ್ಸಾಮಿನಿಂದ ಬರುವವರ ಮಕ್ಕಳು ಕಾಫಿ ಗಿಡದ ಬುಡದಲ್ಲೋ ಕೂಲಿಯವರ ಲೈನು ಮನೆಯಲ್ಲೋ ಇರುತ್ತವೆ. ಎಂಟೊಂಬತ್ತು ವರ್ಷದ ಅಕ್ಕನ ಸೊಂಟದಲ್ಲಿ ಒಂದು ಕೂಸು ಇರುತ್ತದೆ. ಅವಳ ಶಾಲೆ, ಅವಳ ಬಾಲ್ಯ ಎರಡೂ ಅಲ್ಲಿಗೆ ಮುಗಿಯುತ್ತವೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ತೋಟದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಗೃಹ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯೇ ವಿಧಿಸಿತ್ತು. 1975ರ ಅಕ್ಟೋಬರ್ 2ರಂದು ಶುರುವಾದ ಅಂಗನವಾಡಿ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ತಿ. ನರಸೀಪುರದಲ್ಲಿ, ಇವತ್ತು ಅದು ಊರೂರಿಗೆ ಬಂದಿದೆ. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಗೃಹಗಳು ಬಂದಿವೆ. ನಿನ್ನಂಥ ಸಣ್ಣ ಬೆಳೆಗಾರನಿಗೆ ಕಾನೂನಿನ ಕಟ್ಟು ಇಲ್ಲದಿರಬಹುದು. ಆದರೂ ಕಣದ ಪಕ್ಕದ ಕೋಣೆಯನ್ನು ಗುಡಿಸಿ ಚಾಪೆ ಹಾಸಿ, ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಹಿರಿಯ ಹೆಂಗಸಿಗೆ ಕೂಲಿ ಕೊಟ್ಟು ಕೂರಿಸು. ಕೂಸಿನ ತಾಯಿಗೆ ಹಾಲೂಡಿಸಿ ಬರಲು ಸಮಯ ಕೊಡು. ಅಕ್ಕಂದಿರನ್ನು ಶಾಲೆಗೆ ಕಳಿಸು. ಪುಟ್ಟನಿಗೂ ಪುಟ್ಟಿಗೂ ಬೇಕಾದ್ದೇ ಆ ಮಕ್ಕಳಿಗೂ ಬೇಕು.

ಮಗನ ಅಳುವಿಗೆ ನಾಚಬೇಡ, ಮಗಳ ಸಿಟ್ಟಿಗೆ ಅಂಜಬೇಡ. ಇಬ್ಬರಿಗೂ ಅಳಲು, ರೇಗಲು, ಬೇಕು ಎನ್ನಲು, ಬೇಡ ಎನ್ನಲು ಸಮನಾದ ಹಕ್ಕು ಕೊಡು. ತೋಟಕ್ಕೆ ಹೊರಡುವಾಗ ಇಬ್ಬರಿಗೂ ಹೇಳಿ ಹೊರಡು, ಹೇಳಿದ ಹೊತ್ತಿಗೆ ಮನೆಗೆ ಬಾ. ಉಳಿದದ್ದೆಲ್ಲ ಈ ಒಂದು ನಂಬಿಕೆಯ ಮೇಲೆ ನಿಲ್ಲುತ್ತದೆ.

ಇತಿ,
ನಿನ್ನ ದೊಡ್ಡಮ್ಮ